ನಾನು ಕಾಣದ ನಾಳೆಗೆ ಹಣ ಎತ್ತಿಡುವುದು ವಿಶ್ವಾಸವೇ, ಅವಿವೇಕವೇ?

ಪ್ರಶ್ನೆ: ನನಗೆ 71 ವರ್ಷ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದೆ. ಪತ್ನಿಗೆ 66. ಬೆಂಗಳೂರಿನ ಲಿಂಗರಾಜಪುರದಲ್ಲಿ ನನ್ನ ಹೆಸರಿನಲ್ಲಿ ಮನೆಯಿದೆ, ದೊಡ್ಡಬಳ್ಳಾಪುರ ರಸ್ತೆಯ ಕಡೆ ಒಂದು ಸೈಟಿದೆ, ಬ್ಯಾಂಕಿನಲ್ಲಿ 28 ಲಕ್ಷ ರೂಪಾಯಿ ಠೇವಣಿಯಿದೆ, ಪಿಂಚಣಿ ಬರುತ್ತದೆ. ಮಗ ಕೆನಡಾದ ಪೌರತ್ವ ಪಡೆದು ಅಲ್ಲೇ ನೆಲೆಸಿದ್ದಾನೆ. ಮಗಳು, ಅಳಿಯ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಎರಡು ವರ್ಷಗಳ ಹಿಂದೆ ನನಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಗೊತ್ತಾಯಿತು. ಕೋಲಾರ ಜಿಲ್ಲೆಯ ಹಳ್ಳಿಯಿಂದ ಬಂದ ನನ್ನನ್ನು ಮಿಷನ್ ಹಾಸ್ಟೆಲಿನವರು ಓದಿಸದಿದ್ದರೆ ನಾನು ಮೇಷ್ಟರಾಗುತ್ತಿರಲಿಲ್ಲ. ಆ ಕಡೆಯ ಮಕ್ಕಳ ಓದಿಗಾಗಿ 12 ಲಕ್ಷದ ಶಾಶ್ವತ ನಿಧಿ ಇಡಬೇಕೆಂದು ಪ್ರಾರ್ಥನೆಯಲ್ಲಿ ನಿಶ್ಚಯಿಸಿಕೊಂಡಿದ್ದೇನೆ. ಅದರ ಫಲವನ್ನು ನಾನು ಕಾಣುವುದಿಲ್ಲ ಎಂದು ಬಲ್ಲೆ. ಆದರೆ ಪ್ರಾರ್ಥನಾ ಕೂಟವೊಂದರ ಬೋಧಕರು, "ಸೈಟು ಮಾರಿ ದೇವರ ಕೆಲಸಕ್ಕೆ ಬಿತ್ತಿರಿ, ನೂರರಷ್ಟು ಹಿಂದಕ್ಕೆ ಬರುತ್ತದೆ, ರೋಗವೂ ಹೋಗುತ್ತದೆ. ಆಸ್ಪತ್ರೆಗೆಂದು ಹಣ ಇಟ್ಟುಕೊಳ್ಳುವುದೇ ಅವಿಶ್ವಾಸ" ಎನ್ನುತ್ತಾರೆ. ನಮ್ಮ ಸಭೆಯ ಹಿರಿಯರೊಬ್ಬರು, "ಕ್ರೈಸ್ತರು ಸಾಯುವುದಕ್ಕೆ ಒಂದು ವರ್ಷ ಮೊದಲೇ ಬರೆದಿಡದಿದ್ದರೆ ಧರ್ಮಕಾರ್ಯದ ಉಯಿಲು ನಿಲ್ಲುವುದಿಲ್ಲ" ಎನ್ನುತ್ತಾರೆ. ಪತ್ನಿಗೆ ಭಯವಾಗಿದೆ. ತನ್ನ ಭಯವೂ ಅವಿಶ್ವಾಸವೇ ಎಂದು ನಿಮ್ಮನ್ನು ಕೇಳಲು ಹೇಳಿದ್ದಾಳೆ. ದೇವರ ವಾಗ್ದಾನವನ್ನು ನಂಬುವವನು ಈಗ ಏನು ಮಾಡಬೇಕು?

ಉತ್ತರ: ಮೇಷ್ಟರೇ, ನೀವು ಕೇಳಿರುವುದು ನಾಲ್ಕಾರು ಪ್ರಶ್ನೆಗಳಾದರೂ ಅವುಗಳ ಕೆಳಗಿರುವ ಕಳವಳ ಒಂದೇ. ತಾನು ನೋಡಲಾರದ ಫಲಕ್ಕಾಗಿ ಇಂದು ಹಣ ತೆಗೆದಿಡುವವನು ದೇವರನ್ನು ನಂಬಿದವನೋ, ಮನೆಯವರನ್ನು ಮರೆತವನೋ ಎಂಬುದು ಆ ಕಳವಳ. ಉಯಿಲು, ಟ್ರಸ್ಟ್ ಪತ್ರಗಳನ್ನು ಬರೆದುಕೊಡುವುದೇ ನನ್ನ ವೃತ್ತಿ. ಭಾನುವಾರಗಳಲ್ಲಿ ನಮ್ಮ ಸಭೆಯಲ್ಲಿ ಬೈಬಲ್ ಅಧ್ಯಯನವನ್ನೂ ನಡೆಸುತ್ತೇನೆ. ಹೀಗಾಗಿ ಈ ಕಳವಳ ನನ್ನ ಮೇಜಿಗೂ ಬರುತ್ತದೆ, ಸಭೆಯ ಬೆಂಚಿಗೂ ಬರುತ್ತದೆ. ಮೊದಲೇ ನೇರವಾಗಿ ಹೇಳಿಬಿಡುತ್ತೇನೆ: ನಿಮ್ಮ ಸಂಕಲ್ಪ ಒಳ್ಳೆಯದು. ಬೋಧಕರ ಸಲಹೆ ತಪ್ಪು. ಹಿರಿಯರು ಹೇಳಿದ ಕಾನೂನು ಈಗ ಇಲ್ಲ. ನಿಮ್ಮ ಪತ್ನಿಯ ಭಯ ಅವಿಶ್ವಾಸವಲ್ಲ. ಇನ್ನು ಕಾರಣಗಳಿಗೆ ಬರುತ್ತೇನೆ.

ವಾಗ್ದಾನವನ್ನು ನಂಬಿ ಆಸ್ತಿ ವ್ಯವಹಾರ ಮಾಡಿದವರ ಮಾತು ಬಂದಾಗಲೆಲ್ಲ ನಾನು ಯೆರೆಮೀಯನ ಪುಸ್ತಕದ 32ನೇ ಅಧ್ಯಾಯವನ್ನು ತೆರೆಯುತ್ತೇನೆ. ವಕೀಲನಾಗಿ ಓದಿದರೂ ವಿಶ್ವಾಸಿಯಾಗಿ ಓದಿದರೂ ಅದರಲ್ಲಿ ಕಲಿಯುವುದು ಬಹಳವಿದೆ. ಅರಸ ಚಿದ್ಕೀಯನ ಆಳಿಕೆಯ ಹತ್ತನೆಯ ವರ್ಷ, ಎಂದರೆ ಕ್ರಿ.ಪೂ. 587ರ ಆಸುಪಾಸು. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ನಗರ ಬೀಳುತ್ತದೆ ಎಂದು ಸಾರಿದ್ದಕ್ಕಾಗಿಯೇ ಪ್ರವಾದಿಯನ್ನು ಅರಮನೆಯ ಕಾವಲುಗಾರರ ಅಂಗಳದಲ್ಲಿ ಸೆರೆಯಿಟ್ಟಿದ್ದಾರೆ. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಹೊಲವಿರುವುದು ನಗರದ ಹೊರಗೆ, ಶತ್ರುಗಳು ಬೀಡುಬಿಟ್ಟ ನಾಡಿನಲ್ಲಿ. ಇಂದಿನ ಯಾವ ರಿಯಲ್ ಎಸ್ಟೇಟ್ ಏಜೆಂಟನೂ ಅದನ್ನು ಕೊಳ್ಳಿ ಎಂದು ಯಾರಿಗೂ ಹೇಳಲಾರ. ಯೆರೆಮೀಯ ಕೊಳ್ಳುತ್ತಾನೆ. ಬೆಲೆ ಹದಿನೇಳು ಶೆಕೆಲ್ ಬೆಳ್ಳಿ, ನಮ್ಮ ತೂಕದಲ್ಲಿ ಸುಮಾರು ಇನ್ನೂರು ಗ್ರಾಂ.

ಆಮೇಲೆ ಅವನು ಮಾಡಿದ್ದನ್ನು ನಮ್ಮ ಪ್ರಸಂಗಗಳಲ್ಲಿ ಬೇಗ ದಾಟಿಬಿಡುತ್ತಾರೆ. ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದ. ಕ್ರಯಪತ್ರ ಬರೆಯಿಸಿ ಸಹಿ ಹಾಕಿದ. ಸಾಕ್ಷಿಗಳಿಂದ ಸಹಿ ಮಾಡಿಸಿದ. ಒಂದು ಪ್ರತಿಗೆ ಮುದ್ರೆ ಹಾಕಿಸಿದ, ಇನ್ನೊಂದನ್ನು ತೆರೆದಿಟ್ಟ. ಎರಡನ್ನೂ ಎಲ್ಲರ ಕಣ್ಣೆದುರು ತನ್ನ ಲಿಪಿಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದೆ ಇರಲಿ ಎಂದು ಮಣ್ಣಿನ ಪಾತ್ರೆಯಲ್ಲಿ ಇಡಲು ಹೇಳಿದ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಮತ್ತೆ ನಡೆಯುವುದು ಎಂಬುದು ಅವನಿಗೆ ಸಿಕ್ಕಿದ್ದ ವಾಗ್ದಾನ. ಅದನ್ನು ನಂಬಿದವನು ದಾಖಲೆಯಲ್ಲಿ ಒಂದಿಷ್ಟೂ ಸಡಿಲ ಬಿಡಲಿಲ್ಲ. ಮತ್ತೆ ಬರುವವರು ತೆರೆದು ಓದಬೇಕಾದ ಪತ್ರ ಅದು ಎಂದು ನಂಬಿದ್ದರಿಂದಲೇ ಅಷ್ಟು ಜಾಗ್ರತೆ.

ಇನ್ನೂ ಎರಡು ಸಂಗತಿಗಳನ್ನು ಗಮನಿಸಿ. ಯೆರೆಮೀಯನಿಗೆ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಆ ಹೊಲ ದಾಟಿ ಹೋಗಲು ಅವನಿಗೆ ವಾರಸುದಾರನೇ ಇರಲಿಲ್ಲ. ಎರಡನೆಯದಾಗಿ, ಪತ್ರವನ್ನು ಬಾರೂಕನಿಗೆ ಕೊಟ್ಟ ಮೇಲೆ ಅವನು ಮಾಡಿದ ಪ್ರಾರ್ಥನೆ ಗೆದ್ದವನ ಪ್ರಾರ್ಥನೆಯಲ್ಲ. ನಿನಗೆ ಅಸಾಧ್ಯವಾದುದು ಯಾವುದೂ ಇಲ್ಲ ಎಂದು ಆರಂಭಿಸಿದವನು, ನಗರ ಕಸ್ದೀಯರ, ಎಂದರೆ ಬಾಬೆಲಿನವರ, ಕೈಗೆ ಹೋಗುತ್ತಿರುವಾಗ ಹೊಲ ಕೊಳ್ಳು ಎನ್ನುತ್ತೀಯಲ್ಲ ಎಂದು ಕೇಳುತ್ತಾ ಮುಗಿಸುತ್ತಾನೆ. ಹಣ ಕೊಟ್ಟು, ಸಹಿ ಹಾಕಿದ ಮೇಲೂ ಅವನಿಗೆ ಗೊಂದಲವಿತ್ತು. ನಿಮಗೆ ಗೊಂದಲವಿದೆ ಎಂದ ಮಾತ್ರಕ್ಕೆ ನಿಮ್ಮ ಸಂಕಲ್ಪ ದೇವರಿಂದ ಬಂದದ್ದಲ್ಲ ಎಂದುಕೊಳ್ಳಬೇಡಿ.

ಅವನು ಆ ಹೊಲದ ಬೆಳೆಯನ್ನು ಉಂಡ ಎಂದು ಎಲ್ಲಿಯೂ ಬರೆದಿಲ್ಲ. ನಗರ ಬಿತ್ತು. ಕೊನೆಗೆ ಅವನ ಜನರೇ ಅವನನ್ನು ಐಗುಪ್ತಕ್ಕೆ ಕರೆದೊಯ್ದರು. ಕ್ರಿ.ಪೂ. 538ರಲ್ಲಿ ಪಾರಸಿಯ ಅರಸ ಕೋರೆಷನ ಅಪ್ಪಣೆಯಾದ ಮೇಲೆ ಸೆರೆಯಿಂದ ಹಿಂದಿರುಗಿದವರ ಪಟ್ಟಿ ಎಜ್ರನ ಪುಸ್ತಕದ ಎರಡನೆಯ ಅಧ್ಯಾಯದಲ್ಲಿದೆ. ಹೆಚ್ಚಿನವರು ಓದದೆ ಬಿಡುವ ಆ ಒಣ ಪಟ್ಟಿಯಲ್ಲಿ ಒಂದು ಸಾಲು: ಅನಾತೋತಿನವರು 128 ಮಂದಿ. ಕೊಂಡವನು ಕಾಣಲಿಲ್ಲ, ಊರಿನವರು ಕಂಡರು. ನಿಮ್ಮ ನಿಧಿಯ ವಿಷಯದಲ್ಲಿ ನೀವು ನಿರೀಕ್ಷಿಸಬಹುದಾದದ್ದು ಈ ಬಗೆಯ ಫಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ, ವಾಗ್ದಾನ ಎಂಬುದನ್ನು ನಾವು ಬಹಳ ಚಿಕ್ಕದು ಮಾಡಿಕೊಂಡಿದ್ದೇವೆ. ಹೊಸ ವರ್ಷದ ನಡುರಾತ್ರಿಯ ಆರಾಧನೆಯಲ್ಲಿ ಕೈಗೆ ಬರುವ ವಾಗ್ದಾನ ವಚನದ ಕಾರ್ಡುಗಳಲ್ಲಿ ಯೆರೆಮೀಯ 29:11 ಬಹುಶಃ ಎಲ್ಲರಿಗೂ ಪರಿಚಿತ. ಗತಿಯೂ ನಿರೀಕ್ಷೆಯೂ ಉಂಟೆಂದು ಧೈರ್ಯ ತುಂಬುವ ವಚನ ಅದು. ಅದರ ಹಿಂದಿನ ವಚನವನ್ನು ಕಾರ್ಡಿನಲ್ಲಿ ಮುದ್ರಿಸುವುದಿಲ್ಲ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ಮುಗಿದ ಮೇಲೆ ನಿಮ್ಮನ್ನು ಹಿಂದಕ್ಕೆ ತರುತ್ತೇನೆ ಎನ್ನುತ್ತದೆ ಆ ಹತ್ತನೆಯ ವಚನ. ಇದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರದ ಮಾತು. ಆ ಪತ್ರ ಓದಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗಬೇಕಿತ್ತು. ಆದರೂ ಅವರಿಗೆ ಬಂದ ಆಜ್ಞೆ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು.

ಅದರ ಹಿಂದಿನ 28ನೇ ಅಧ್ಯಾಯದಲ್ಲಿ ಇನ್ನೊಬ್ಬ ಪ್ರವಾದಿಯಿದ್ದಾನೆ, ಹೆಸರು ಹನನ್ಯ. ಎರಡೇ ವರ್ಷಗಳಲ್ಲಿ ಎಲ್ಲವೂ ಹಿಂದಕ್ಕೆ ಬರುತ್ತದೆ ಎಂದು ದೇವಾಲಯದಲ್ಲಿ, ಯಾಜಕರ ಮತ್ತು ಜನರ ಎದುರಿಗೆ, ದೇವರ ಹೆಸರಿನಲ್ಲೇ ಹೇಳಿದ. ಜನಕ್ಕೆ ಬೇಕಾಗಿದ್ದದ್ದೂ ಅದೇ. ಅದು ಸುಳ್ಳಾಯಿತು. ನಿಮ್ಮ ಕೂಟದ ಬೋಧಕರ ಮಾತನ್ನು ನಾನು ಈ ಎರಡರ ಪಕ್ಕದಲ್ಲಿಟ್ಟು ನೋಡುತ್ತೇನೆ. ಕೊಟ್ಟವನಿಗೇ, ಬೇಗನೆ, ಹೆಚ್ಚಾಗಿ ಹಿಂದಿರುಗುತ್ತದೆ ಎಂಬ ಮಾತು ಹನನ್ಯನ ಎರಡು ವರ್ಷದ ಮಾತಿನ ಕಡೆಯದು. ಅವರು ಆಧಾರ ಮಾಡಿಕೊಳ್ಳುವ ನೂರರಷ್ಟಿನ ಮಾತು ಮಾರ್ಕನ ಹತ್ತನೆಯ ಅಧ್ಯಾಯದಲ್ಲಿದೆ. ಕ್ರಿಸ್ತನಿಗಾಗಿ ಮನೆಮಠ ಬಿಟ್ಟು ಹೊರಟ ಶಿಷ್ಯರಿಗೆ ಹೇಳಿದ ಮಾತದು, ಮತ್ತು ಅದೇ ವಾಕ್ಯದಲ್ಲಿ ಹಿಂಸೆಗಳೂ ಸೇರಿವೆ. ಸೈಟು ಮಾರಿದವರ ಬ್ಯಾಂಕ್ ಖಾತೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ರೋಗ ಹೋಗುತ್ತದೆ ಎಂದು ಹಣಕ್ಕೆ ಪ್ರತಿಯಾಗಿ ಮಾತು ಕೊಡುವುದಂತೂ ನನಗೆ ಸಹಿಸಲಾಗದ ವಿಷಯ. ಔಷಧಿ ನಿಲ್ಲಿಸಿ ಎಂದು ಮುಂದಿನ ವಾರ ಹೇಳಿದರೆ ಅವರ ಮನೆಗೆ ಹೋಗುವುದನ್ನೇ ನಿಲ್ಲಿಸಿ.

ಇನ್ನು ನಿಮ್ಮ ಪತ್ನಿಯ ಪ್ರಶ್ನೆ. ತಾಯಿ, ಮಾರ್ಕನ ಏಳನೆಯ ಅಧ್ಯಾಯದಲ್ಲಿ ಯೇಸು ಸ್ವಾಮಿ ಬಹಳ ಕಟುವಾಗಿ ಮಾತನಾಡುವ ಒಂದು ಪ್ರಸಂಗವಿದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಅರ್ಪಿತ ಎಂದು ಹೇಳಿ ಅವರಿಗೆ ಸಹಾಯ ಮಾಡದೆ ತಪ್ಪಿಸಿಕೊಳ್ಳುತ್ತಿದ್ದವರನ್ನು ಅವರು ಖಂಡಿಸಿದರು. ಮನೆಯವರ ಪಾಲನ್ನು ಕಿತ್ತು ದೇವರ ಹೆಸರಿನಲ್ಲಿ ಇಡುವುದನ್ನು ದೇವರೇ ಒಪ್ಪುವುದಿಲ್ಲ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯೂ ಹೇಳುತ್ತದೆ. ಪಾರ್ಕಿನ್ಸನ್ ದೀರ್ಘಕಾಲದ ಕಾಯಿಲೆ. ಮುಂದೆ ಮನೆಯಲ್ಲಿ ಸಹಾಯಕರು ಬೇಕಾಗಬಹುದು, ಬಿದ್ದರೆ ಆಸ್ಪತ್ರೆ, ಫಿಸಿಯೋಥೆರಪಿ. ನಿಮ್ಮ ಯಜಮಾನರ ನಂತರ ಬರುವ ಕುಟುಂಬ ಪಿಂಚಣಿ ಈಗಿನ ಪಿಂಚಣಿಗಿಂತ ಕಡಿಮೆ. ಈ ಲೆಕ್ಕವನ್ನು ಮುಂದಿಟ್ಟುಕೊಂಡು ಹೆದರಿದ್ದೀರಿ. ಆ ಹೆದರಿಕೆಗೆ ಉತ್ತರ ಕಾಗದದ ಮೇಲೆ ಬರಬೇಕು, ಉಪದೇಶದಲ್ಲಿ ಅಲ್ಲ.

ಅದಕ್ಕೆ ಕಾನೂನು ತಿಳಿಯಬೇಕು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ನೀವು ತೀರಿಕೊಂಡರೆ ನಿಮ್ಮ ಆಸ್ತಿಯ ಮೂರನೆಯ ಒಂದು ಭಾಗ ಪತ್ನಿಗೆ, ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ. ಮನೆಯಲ್ಲಿಯೂ ಹಾಗೆಯೇ. ಅಂದರೆ ಮನೆ ಮಾರಬೇಕಾದರೂ ಸಾಲ ತೆಗೆಯಬೇಕಾದರೂ ಕೆನಡಾದ ಮಗ, ಮೈಸೂರಿನ ಮಗಳು ಇಬ್ಬರ ಸಹಿಯೂ ಬೇಕು. ಅಪ್ಪನ ಮನೆ ಅಮ್ಮನಿಗೇ ತಾನೇ ಎಂದುಕೊಂಡು ಉಯಿಲು ಬರೆಯದವರ ಮನೆಗಳ ಕಷ್ಟವನ್ನು ನಾನು ವೃತ್ತಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಕೋಟಿ ಬೆಲೆಯ ಮನೆಯಲ್ಲಿ ಕುಳಿತು ಔಷಧಿಗೆ ಮಕ್ಕಳ ಮುಂದೆ ಕೈಚಾಚುವ ವಿಧವೆಯರು ಈ ನಗರದಲ್ಲಿ ಕಡಿಮೆಯಿಲ್ಲ. ಇನ್ನೊಂದು ಕಡೆ, ಕ್ರೈಸ್ತರ ಕಾನೂನಿನಲ್ಲಿ ಹುಟ್ಟಿನಿಂದ ಬರುವ ಪಾಲು ಎಂಬುದಿಲ್ಲ. ನಿಮ್ಮ ಆಸ್ತಿಯನ್ನೆಲ್ಲ ನೀವು ಯಾರಿಗೆ ಬೇಕಾದರೂ ಬರೆಯಬಹುದು. ಆದ್ದರಿಂದ ಪತ್ನಿಯನ್ನು ಕಾಪಾಡುವುದೂ ಕೈಬಿಡುವುದೂ ನಿಮ್ಮ ಲೇಖನಿಯಲ್ಲೇ ಇದೆ.

ಮನೆಯನ್ನು ಪತ್ನಿಗೆ ಸಂಪೂರ್ಣ ಹಕ್ಕಿನೊಂದಿಗೆ ಬರೆಯಿರಿ ಎಂಬುದು ನನ್ನ ಸಲಹೆ. ಬದುಕಿರುವವರೆಗೆ ವಾಸದ ಹಕ್ಕು, ಆಮೇಲೆ ಮಕ್ಕಳಿಗೆ ಎಂದು ಬರೆಯುವ ರೂಢಿ ಬಹಳ. ನೋಡಲು ನ್ಯಾಯವಾಗಿಯೇ ಕಾಣುತ್ತದೆ, ಆದರೆ ಆಕೆಗೆ ಆಸ್ಪತ್ರೆಯ ಖರ್ಚಿಗೆ ಹಣ ಬೇಕಾದಾಗ ಆ ಮನೆಯನ್ನು ಮಾರಲಾಗುವುದಿಲ್ಲ. ಬ್ಯಾಂಕ್ ಠೇವಣಿಗೆ ಪತ್ನಿಯ ಹೆಸರು ನಾಮಿನಿಯಾಗಿದೆ, ಅಷ್ಟು ಸಾಕು ಎಂದೂ ಬಿಡಬೇಡಿ. ನಾಮಿನಿ ಹಣವನ್ನು ಬ್ಯಾಂಕಿನಿಂದ ಪಡೆಯುತ್ತಾರೆ, ವಾರಸುದಾರರ ಹಕ್ಕು ಅದರಿಂದ ಅಳಿಯುವುದಿಲ್ಲ. ಠೇವಣಿ ಯಾರಿಗೆ ಎಂಬುದನ್ನೂ ಉಯಿಲಿನಲ್ಲಿ ಹೇಳಿ.

ಸಭೆಯ ಹಿರಿಯರು ಹೇಳಿದ್ದು ಒಂದು ಕಾಲದಲ್ಲಿ ನಿಜವಾಗಿತ್ತು. ಅದೇ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ, ಸೋದರಳಿಯನಷ್ಟು ಹತ್ತಿರದ ಅಥವಾ ಅದಕ್ಕಿಂತ ಹತ್ತಿರದ ಸಂಬಂಧಿಕರಿರುವ ಕ್ರೈಸ್ತನು ಧಾರ್ಮಿಕ ಅಥವಾ ಧರ್ಮಾರ್ಥ ಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ, ಉಯಿಲು ಸಾವಿಗೆ ಕನಿಷ್ಠ 12 ತಿಂಗಳು ಮೊದಲು ಆಗಿರಬೇಕಿತ್ತು, ಬರೆದ ಆರು ತಿಂಗಳೊಳಗೆ ಕಾನೂನು ಹೇಳಿದ ಕಡೆ ಠೇವಣಿಯಾಗಬೇಕಿತ್ತು. ಕೇರಳದ ಪಾದ್ರಿಯೊಬ್ಬರು ಇದನ್ನು ಪ್ರಶ್ನಿಸಿದ ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರ ಜುಲೈನಲ್ಲಿ ಆ ಸೆಕ್ಷನ್ ಸಮಾನತೆಯ ಹಕ್ಕಿಗೆ ವಿರುದ್ಧ ಎಂದು ರದ್ದುಪಡಿಸಿತು. ನಮ್ಮ ಸಭೆಗಳಲ್ಲಿ ಆ ಹಳೆಯ ಭಯ ಇನ್ನೂ ಓಡಾಡುತ್ತಿದೆ. ಭಾರತೀಯ ಕ್ರೈಸ್ತರ ಉಯಿಲಿಗೆ ಪ್ರೊಬೇಟ್, ಎಂದರೆ ಉಯಿಲು ನಿಜವೆಂಬ ನ್ಯಾಯಾಲಯದ ದೃಢೀಕರಣ, ಕಡ್ಡಾಯ ಎಂಬುದನ್ನೂ 2002ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ.

ಉಯಿಲು ಬರೆಯುವ ಕೆಲಸವನ್ನು ಮಾತ್ರ ಮುಂದೂಡಬೇಡಿ, ನಿಮ್ಮ ವಿಷಯದಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಪಾರ್ಕಿನ್ಸನ್ ಇರುವವರ ಕೈಬರಹ ಕ್ರಮೇಣ ಚಿಕ್ಕದಾಗುತ್ತಾ ನಡುಗುತ್ತಾ ಹೋಗುತ್ತದೆ. ಹತ್ತು ವರ್ಷಗಳ ಹಿಂದಿನ ಚೆಕ್ಕಿನ ಸಹಿಗೂ ಉಯಿಲಿನ ಸಹಿಗೂ ಹೋಲಿಕೆ ಇರುವುದಿಲ್ಲ. ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಉಯಿಲನ್ನು ಪ್ರಶ್ನಿಸುವವರಿಗೆ ಅದೇ ಮೊದಲ ಆಯುಧ. ಕಾನೂನು ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ, ಸಹಿಯ ಬದಲು ಹೆಬ್ಬೆಟ್ಟನ್ನೂ ಒಪ್ಪುತ್ತದೆ. ನೀವು ಎರಡನ್ನೂ ಹಾಕಿ. ನಿಮ್ಮನ್ನು ನೋಡುತ್ತಿರುವ ನರರೋಗ ತಜ್ಞರಿಂದ, ಮನಸ್ಸು ಸ್ವಸ್ಥವಾಗಿದೆ ಎಂಬ ಪ್ರಮಾಣಪತ್ರವನ್ನು ಸಹಿ ಮಾಡುವ ದಿನ ಅಥವಾ ಅದರ ಹಿಂದಿನ ದಿನದ ತಾರೀಖಿಗೆ ಪಡೆಯಿರಿ. ಉಯಿಲನ್ನು ನೀವೇ ಓದುವುದನ್ನು ವಿಡಿಯೋ ಮಾಡಿಸಿ. ಅಳಿಯನನ್ನು ಸಾಕ್ಷಿ ಮಾಡಬೇಡಿ. ಸಾಕ್ಷಿ ಹಾಕಿದವರಿಗೂ ಅವರ ಗಂಡ ಅಥವಾ ಹೆಂಡತಿಗೂ ಬರೆದದ್ದು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಅಳಿಯ ಪ್ರೀತಿಯಿಂದ ಹಾಕಿದ ಒಂದು ಸಹಿಯಿಂದ ಮಗಳ ಪಾಲು ಹೋಗುತ್ತದೆ.

ಉಯಿಲಿನ ನೋಂದಣಿ ಕಡ್ಡಾಯವಲ್ಲ, ಛಾಪಾ ಶುಲ್ಕವೂ ಇಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಎಂದೇ ಹೇಳುತ್ತೇನೆ. ಮಕ್ಕಳಿಗೆ ಈಗಲೇ ತಿಳಿಯುವುದು ಬೇಡ ಎನಿಸಿದರೆ 1908ರ ನೋಂದಣಿ ಕಾಯ್ದೆಯಲ್ಲಿ ಇನ್ನೊಂದು ದಾರಿಯಿದೆ. ಮುದ್ರೆ ಹಾಕಿದ ಲಕೋಟೆಯಲ್ಲಿ ಉಯಿಲನ್ನಿಟ್ಟು ಜಿಲ್ಲಾ ನೋಂದಣಾಧಿಕಾರಿಯವರ ಬಳಿ ಠೇವಣಿ ಇಡಬಹುದು. ನೀವು ಬದುಕಿರುವಾಗ ಬೇಕೆಂದರೆ ಹಿಂದಕ್ಕೆ ಪಡೆಯಬಹುದು, ನಿಮ್ಮ ನಂತರ ಅರ್ಜಿ ಬಂದಾಗ ಅದನ್ನು ತೆರೆಯುತ್ತಾರೆ. ಬಾರೂಕನ ಮಣ್ಣಿನ ಪಾತ್ರೆಗೆ ನಮ್ಮ ಕಾನೂನಿನಲ್ಲಿ ಇಷ್ಟು ಹತ್ತಿರದ ಏರ್ಪಾಡು ಇರುವುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಯಾವ ದಾರಿ ಹಿಡಿದರೂ ಉಯಿಲನ್ನು ನೀವಿರುವವರೆಗೆ ಬದಲಾಯಿಸಬಹುದು.

ಒಂದು ಎಚ್ಚರಿಕೆ. ಲಾಭ ಪಡೆಯುವವರೇ ಮುಂದೆ ನಿಂತು ಬರೆಯಿಸಿದ ಉಯಿಲನ್ನು ನ್ಯಾಯಾಲಯ ಸಂಶಯದಿಂದ ನೋಡುತ್ತದೆ. ಇದನ್ನು ಸ್ಥಾಪಿಸಿದ ಪ್ರಮುಖ ತೀರ್ಪು ನಮ್ಮ ಮೈಸೂರು ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದ್ದು, 1959ರ ವರದಿಗಳಲ್ಲಿದೆ. ಬಿಡದೆ ಕಾಡಿ, ಸ್ವಂತ ಇಚ್ಛೆಯೇ ಉಳಿಯದಂತೆ ಮಾಡಿ ಬರೆಯಿಸಿದ ಉಯಿಲು ಅಸಿಂಧು ಎಂದು ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಯಾವ ಬೋಧಕರೂ ತಂದುಕೊಟ್ಟ ಕರಡಿಗೆ ಸಹಿ ಹಾಕಬೇಡಿ, ಅವರ ಕಾರಿನಲ್ಲಿ ನೋಂದಣಿ ಕಚೇರಿಗೆ ಹೋಗಬೇಡಿ.

ಈಗ ನಿಧಿಯ ಮಾತು. ನೀವು ಗಣಿತದ ಮೇಷ್ಟರು, ಲೆಕ್ಕ ನಿಮಗೇ ತಿಳಿಯುತ್ತದೆ. 12 ಲಕ್ಷಕ್ಕೆ ಶೇಕಡ 7ರ ಬಡ್ಡಿ ಎಂದಿಟ್ಟುಕೊಂಡರೆ ವರ್ಷಕ್ಕೆ 84,000 ರೂಪಾಯಿ. ಬಡ್ಡಿಯನ್ನೆಲ್ಲ ಹಂಚುತ್ತಾ ಹೋದರೆ ಅಸಲು ಹಾಗೆಯೇ ಇರುತ್ತದೆ, ಆದರೆ ಬೆಲೆಗಳು ವರ್ಷಕ್ಕೆ ಶೇಕಡ 5ರಷ್ಟು ಏರಿದರೂ ಇಪ್ಪತ್ತು ವರ್ಷಗಳ ನಂತರ ಆ 84,000ದ ಬೆಲೆ ಇಂದಿನ ಸುಮಾರು 32,000 ರೂಪಾಯಿಗಳಷ್ಟೇ. ಅಸಲಿನ ಕೊಳ್ಳುವ ಶಕ್ತಿಯೂ ಉಳಿಯಬೇಕೆಂದರೆ ವರ್ಷಕ್ಕೆ ಶೇಕಡ 2, ಅಂದರೆ 24,000 ಮಾತ್ರ ಖರ್ಚು ಮಾಡಬಹುದು. ಶಾಶ್ವತ ನಿಧಿ ಎಂದು ಫಲಕ ಹಾಕಿಸಿಕೊಂಡ ಎಷ್ಟೋ ನಿಧಿಗಳು ಇಂದು ಒಂದು ಮಗುವಿನ ಪುಸ್ತಕದ ಖರ್ಚನ್ನೂ ಪೂರೈಸದಿರುವುದಕ್ಕೆ ಕಾರಣ ಇದು. ಯಾರೂ ಕದಿಯದಿದ್ದರೂ ಅವು ಹೀಗೆ ಸವೆಯುತ್ತವೆ.

ಅದೇ 12 ಲಕ್ಷವನ್ನು ಹದಿನೈದು ವರ್ಷಗಳಲ್ಲಿ ಅಸಲು ಬಡ್ಡಿ ಎರಡೂ ಮುಗಿಯುವಂತೆ ಖರ್ಚು ಮಾಡಿದರೆ ವರ್ಷಕ್ಕೆ ಸುಮಾರು 1,32,000 ರೂಪಾಯಿ ಸಿಗುತ್ತದೆ. ನನ್ನ ಒಲವು ಇದರ ಕಡೆ. ಹೆಸರಿರುವ ನಿಧಿ ಉಳಿಯಬೇಕೋ, ಓದಿದ ಮಕ್ಕಳು ಉಳಿಯಬೇಕೋ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ನಿಮ್ಮನ್ನು ಓದಿಸಿದ ಹಾಸ್ಟೆಲಿಗೆ ದೂರದ ದೇಶದಲ್ಲಿ ಕಾಣಿಕೆ ಕೊಟ್ಟವರ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ. ಅವರು ನಿಮ್ಮ ತರಗತಿಯಲ್ಲಿ ಕಲಿತ ಮಕ್ಕಳನ್ನೂ ನೋಡಲಿಲ್ಲ. ಇದು ನನ್ನ ಅಭಿಪ್ರಾಯ ಮಾತ್ರ, ನೀವು ಶಾಶ್ವತ ನಿಧಿಯನ್ನೇ ಬಯಸಿದರೆ ಕಾನೂನಿನ ಅಡ್ಡಿಯೇನಿಲ್ಲ. ಸ್ವಂತ ವಂಶಕ್ಕಾದರೆ ಕಾನೂನು ಸತ್ತವರ ಕೈಯನ್ನು ಬಹಳ ದೂರ ಚಾಚಲು ಬಿಡುವುದಿಲ್ಲ. ಈಗ ಬದುಕಿರುವವರ ಜೀವಿತಾವಧಿ, ಅದರ ಮೇಲೆ ಹದಿನೆಂಟು ವರ್ಷ, ಅಲ್ಲಿಗೆ ಮಿತಿ. ಧರ್ಮ, ವಿದ್ಯೆ, ಆರೋಗ್ಯದಂಥ ಜನಹಿತಕ್ಕೆ ಕೊಟ್ಟದ್ದನ್ನು ಮಾತ್ರ ಆಸ್ತಿ ವರ್ಗಾವಣೆ ಕಾಯ್ದೆ ಆ ಮಿತಿಯಿಂದ ಹೊರಗಿಟ್ಟಿದೆ.

ಹೇಗೆ ಕೊಡಬೇಕು ಎಂಬುದಕ್ಕೆ ಮೂರು ದಾರಿಗಳಿವೆ. ನಿಮ್ಮದೇ ಟ್ರಸ್ಟ್ ಮಾಡುವುದು ಕೇಳಲು ಚೆನ್ನ, ಆದರೆ 12 ಲಕ್ಷಕ್ಕೆ ಅದು ಬೇಡ. ಟ್ರಸ್ಟ್ ಪತ್ರದ ನೋಂದಣಿ, ಪ್ಯಾನ್, ಆದಾಯ ತೆರಿಗೆ ಇಲಾಖೆಯ ನೋಂದಣಿ, ಪ್ರತಿ ವರ್ಷ ಲೆಕ್ಕಪತ್ರ, ರಿಟರ್ನ್ ಎಂದು ಖರ್ಚು ನಿಲ್ಲುವುದಿಲ್ಲ. ನೀವು ಆರಿಸುವ ಟ್ರಸ್ಟಿಗಳೂ ನಿಮ್ಮ ವಯಸ್ಸಿನವರೇ ಆಗಿರುತ್ತಾರೆ, ಅವರ ನಂತರ ಚೆಕ್ಕಿಗೆ ಸಹಿ ಹಾಕುವವರಿಲ್ಲದೆ ಹಣ ಬ್ಯಾಂಕಿನಲ್ಲಿ ಕೊಳೆಯುತ್ತದೆ.

ಎರಡನೆಯದು, ಆ ಮಕ್ಕಳಿಗಾಗಿ ಈಗಾಗಲೇ ಕೆಲಸ ಮಾಡುತ್ತಿರುವ ಸಂಸ್ಥೆಗೆ ಉಯಿಲಿನ ಮೂಲಕ ಬರೆಯುವುದು. ಹಣ ಕೊನೆಯವರೆಗೂ ನಿಮ್ಮ ಕೈಯಲ್ಲೇ ಇರುತ್ತದೆ, ಮನಸ್ಸು ಬದಲಾದರೆ ಉಯಿಲು ಬದಲಾಗುತ್ತದೆ. ಅಪಾಯವಿರುವುದು ಸಂಸ್ಥೆ ಮುಚ್ಚಿಹೋದರೆ, ಅಥವಾ ಹಾಸ್ಟೆಲು ಹೋಗಿ ವಾಣಿಜ್ಯ ಕಟ್ಟಡ ಬಂದರೆ. ಆದ್ದರಿಂದ ಹಾಸ್ಟೆಲಿನ ಹೆಸರಿಗೆ ಮಾತ್ರ ಕಟ್ಟಿಹಾಕದೆ ಉದ್ದೇಶವನ್ನು ಬರೆಯಿರಿ: ಆ ತಾಲ್ಲೂಕಿನ ಬಡ ಮಕ್ಕಳ ಪ್ರೌಢಶಾಲೆ ಮತ್ತು ಅದರ ಮೇಲಿನ ಓದು, ಮೊದಲ ಸಂಸ್ಥೆ ಇಲ್ಲದಿದ್ದರೆ ಇಂಥ ಎರಡನೆಯ ಸಂಸ್ಥೆ ಎಂದು. 12 ಲಕ್ಷ ಎಂದು ಮೊತ್ತ ನಮೂದಿಸುವ ಬದಲು, ಪತ್ನಿಯ ಕಾಲವೂ ಮುಗಿದ ಮೇಲೆ ಉಳಿಯುವುದರಲ್ಲಿ ಇಷ್ಟು ಪಾಲು ಎಂದು ಬರೆಯಬಹುದು ಎನ್ನುವವರಿದ್ದಾರೆ. ಅದಕ್ಕೆ ಪತ್ನಿಯೂ ತಮ್ಮದೇ ಉಯಿಲನ್ನು ಬರೆಯಬೇಕು, ಏಕೆಂದರೆ ಅವರಿಗೆ ಸಂಪೂರ್ಣ ಹಕ್ಕಿನಿಂದ ಹೋದ ಆಸ್ತಿ ಆಮೇಲೆ ಅವರ ಮಾತಿನಂತೆ ನಡೆಯುತ್ತದೆ.

ಮೂರನೆಯದು, ಬದುಕಿರುವಾಗಲೇ ಸ್ವಲ್ಪ ಕೊಡುವುದು. ನಾನು ಎರಡನ್ನೂ ಸೇರಿಸಲು ಹೇಳುತ್ತೇನೆ. ಈ ಜೂನ್‌ನಿಂದಲೇ ಠೇವಣಿಯ ಬಡ್ಡಿಯಿಂದ ಒಂದಿಬ್ಬರು ಮಕ್ಕಳ ಶುಲ್ಕವನ್ನು ಆ ಸಂಸ್ಥೆಯ ಮೂಲಕ ಕಟ್ಟಿ. ಮೂರು ವರ್ಷ ಅವರ ಲೆಕ್ಕಪತ್ರ, ರಸೀದಿ, ಪತ್ರವ್ಯವಹಾರ ಹೇಗಿದೆ ನೋಡಿ. ಸಮಾಧಾನವಾದರೆ ದೊಡ್ಡ ಮೊತ್ತ ಉಯಿಲಿನಲ್ಲಿ ಅವರಿಗೆ ಇರಲಿ, ಇಲ್ಲವಾದರೆ ಹೆಸರು ಬದಲಿಸಿ. ಒಮ್ಮೆ ದಾನವಾಗಿ ಕೊಟ್ಟ ಹಣ ಮರಳುವುದಿಲ್ಲ, ಆದ್ದರಿಂದ 12 ಲಕ್ಷವನ್ನು ಒಂದೇ ಸಲ ಈಗ ಕೊಡಬೇಡಿ. 28 ಲಕ್ಷದ ಠೇವಣಿಯಲ್ಲಿ 12 ಹೋದರೆ ನಿಮ್ಮಿಬ್ಬರ ಕಾಯಿಲೆ ಕಸಾಲೆಗೆ ಉಳಿಯುವುದು 16 ಮಾತ್ರ. ನಿಧಿಯಾಗಿ ಕೊಡುವುದಾದರೆ ಅದು ಮೂಲಧನಕ್ಕೆ ಸೇರಬೇಕೆಂದು ಲಿಖಿತವಾಗಿ ಹೇಳಿ. ಎಲ್ಲರೂ 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಅದೂ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಇಲ್ಲ.

ಸೈಟಿನ ಬಗ್ಗೆ ಒಂದು ಮಾತು. ಅದು ಭೂಪರಿವರ್ತನೆಯಾಗದ ರೆವಿನ್ಯೂ ಸೈಟೋ, ಖಾತೆ ಯಾವ ಬಗೆಯದು ಎಂದು ನೀವು ಬರೆದಿಲ್ಲ. ಹಕ್ಕು ಸ್ಪಷ್ಟವಿಲ್ಲದ ಜಾಗವನ್ನು ಸಂಸ್ಥೆಗೆ ಬರೆದರೆ ನೀವು ಅವರಿಗೆ ಕೊಟ್ಟದ್ದು ಮೊಕದ್ದಮೆ. ಋಣಭಾರ ಪತ್ರ ತೆಗೆಸಿ, ಖಾತೆ ಸರಿಪಡಿಸಿ, ಬಾಡಿಗೆ ಮನೆಯಲ್ಲಿರುವ ಮಗಳಿಗೆ ಅದು ಉಪಯೋಗವಾಗುವುದೇ ಎಂದೂ ಯೋಚಿಸಿ.

ಮಕ್ಕಳೊಂದಿಗೆ ಮಾತನಾಡುವುದನ್ನು ನೀವು ಪತ್ರದಲ್ಲಿ ಎಲ್ಲಿಯೂ ಪ್ರಸ್ತಾಪಿಸಿಲ್ಲ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಯೋಚನೆ ತಂದಿತು. ನಮ್ಮ ನಗರದಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಇಂದಿಗೂ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. ಜೆಮ್‌ಷೆಟ್‌ಜಿ ಟಾಟಾ ಅದಕ್ಕಾಗಿ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಕೊಡುವುದಾಗಿ 1898ರಲ್ಲಿ ಮಾತು ಕೊಟ್ಟರು. 1904ರಲ್ಲಿ ತೀರಿಕೊಂಡರು. ಸಂಸ್ಥೆ ಕಾನೂನಿನಂತೆ ಸ್ಥಾಪನೆಯಾದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ನಡುವಿನ ವರ್ಷಗಳಲ್ಲಿ ಸರ್ಕಾರ ಹಿಂದೆಮುಂದೆ ನೋಡುತ್ತಿದ್ದಾಗ ಅವರ ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ತಂದೆಯ ಮಾತನ್ನು ಉಳಿಸಿಕೊಂಡರು. ಮಕ್ಕಳು ಬೇಡವೆಂದಿದ್ದರೆ ಮಲ್ಲೇಶ್ವರದ ಪಕ್ಕದ ಆ ಕಾಡಿನಂಥ ಆವರಣ ನಮಗಿರುತ್ತಿರಲಿಲ್ಲ. ನೀವೂ ಮಗ ಮಗಳಿಗೆ ಈಗಲೇ ತಿಳಿಸಿ. ಆ ಹಾಸ್ಟೆಲಿನ ಕಥೆಯನ್ನು ಅವರು ಪೂರ್ತಿಯಾಗಿ ಕೇಳಿರಲಿಕ್ಕಿಲ್ಲ. ತಮಗೆ ಬರಬೇಕಾದದ್ದು ಬೇರೆಡೆ ಹೋಯಿತು ಎಂದು ನಿಮ್ಮ ನಂತರ ವಕೀಲರ ನೋಟಿಸಿನಿಂದ ತಿಳಿಯುವ ಮಕ್ಕಳು, ಅಪ್ಪ ಕುಳಿತು ಕಾರಣ ಹೇಳಿದ್ದರೆ ಹೆಚ್ಚಿನಂಶ ಒಪ್ಪುತ್ತಿದ್ದವರೇ ಆಗಿರುತ್ತಾರೆ.

ಮಗ ತಾನೂ ಸೇರಿಸುತ್ತೇನೆ ಎಂದು ಮುಂದೆ ಬಂದರೆ ಸಂತೋಷ, ಆದರೆ ಒಂದು ನಿಯಮ ತಿಳಿದಿರಲಿ. ಅವನು ಕೆನಡಾದ ಪೌರನಾದ್ದರಿಂದ ಅವನು ಸಂಸ್ಥೆಗೆ ಕೊಡುವುದು ಕಾನೂನಿನ ದೃಷ್ಟಿಯಲ್ಲಿ ವಿದೇಶಿ ದೇಣಿಗೆ. ಭಾರತದ ಸಾಗರೋತ್ತರ ಪೌರತ್ವದ ಕಾರ್ಡ್ ಇದ್ದರೂ ಹಾಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಸಂಸ್ಥೆಯನ್ನು ಆರಿಸುವಾಗಲೇ ಈ ನೋಂದಣಿ ಇದೆಯೇ ಎಂದು ಕೇಳಿ.

ಈ ಕ್ರಮದಲ್ಲಿ ಹೋಗಿ: ಮೊದಲು ಪತ್ನಿಯೊಂದಿಗೆ ಕುಳಿತು, ಇಬ್ಬರ ಮುಂದಿನ ಹದಿನೈದು ವರ್ಷಗಳ ಖರ್ಚನ್ನು ಬರೆಯಿರಿ, ಅದಕ್ಕೆ ಎಷ್ಟು ಮೀಸಲು ಎಂಬುದನ್ನು ಅವರೇ ಹೇಳಲಿ. ಆಮೇಲೆ ಮಕ್ಕಳಿಗೆ ಫೋನ್ ಮಾಡಿ. ನಂತರ ನೀವೇ ಹುಡುಕಿದ, ಯಾವ ಸಂಸ್ಥೆಗೂ ಸೇರದ ವಕೀಲರಿಂದ ಕರಡು ಬರೆಯಿಸಿ. ಉಯಿಲನ್ನು ಜಾರಿಗೊಳಿಸುವವರಾಗಿ ನಿಮಗಿಂತ ಚಿಕ್ಕ ವಯಸ್ಸಿನ, ಬೆಂಗಳೂರಿನಲ್ಲೇ ಇರುವ ಒಬ್ಬರನ್ನು ನೇಮಿಸಿ, ಅವರಿಲ್ಲದಿದ್ದರೆ ಎಂದು ಇನ್ನೊಬ್ಬರ ಹೆಸರನ್ನೂ ಹಾಕಿ. ನರರೋಗ ತಜ್ಞರನ್ನು ನೋಡಲು ಮುಂದಿನ ಬಾರಿ ಹೋದಾಗಲೇ ಪ್ರಮಾಣಪತ್ರದ ವಿಷಯ ಹೇಳಿಟ್ಟಿರಿ. ಸಹಿ ಹಾಕುವ ದಿನವನ್ನು ಅವರ ಅನುಕೂಲ ನೋಡಿಕೊಂಡು, ನಿಮ್ಮ ಔಷಧಿ ಚೆನ್ನಾಗಿ ಕೆಲಸ ಮಾಡುವ ಹೊತ್ತಿಗೆ ಇಟ್ಟುಕೊಳ್ಳಿ.